ಮಮ್ಮಿಯ ಮೇಲಿನ ಆ ಮುಖ: ಬದುಕಿದ್ದಾಗ ಬರೆದದ್ದಾ, ಸತ್ತ ಮೇಲಾ?

ಕಿಟಕಿಪಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸ ಓದಿದವಳಲ್ಲ, ಲೆಕ್ಕಪತ್ರದ ಕೆಲಸ ಮಾಡುವವಳು. ಆದರೆ ಎರಡು ತಿಂಗಳಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದೆ. ವಾಪಸ್ ಹೊರಡುವ ದಿನ ಎರಡು ಗಂಟೆ ಬಿಡುವು ಸಿಕ್ಕಿತು. ಬ್ರಿಟಿಷ್ ಮ್ಯೂಸಿಯಂಗೆ ಹೋದೆ. ಈಜಿಪ್ಟಿನ ಮಮ್ಮಿಗಳ ಕಡೆ ಜನ ಜಾಸ್ತಿ. ಅವರ ನಡುವೆ ಜಾಗ ಮಾಡಿಕೊಂಡು ಒಂದು ಕೆಂಪು ಮಮ್ಮಿಯ ಹತ್ತಿರ ಬಂದೆ. ಗಾರೆ ಮೆತ್ತಿ ಕೆಂಪು ಬಳಿದಿದ್ದಾರೆ. ಮೈಮೇಲೆ ಚಿನ್ನದ ರೇಕಿನಲ್ಲಿ ದೇವರುಗಳು. ನರಿತಲೆಯ ಅನುಬಿಸ್ ಹೆಣದ ಮಂಚದ ಪಕ್ಕ ನಿಂತಿದ್ದಾನೆ. ಇದೂ ಉಳಿದ ಮಮ್ಮಿಗಳ ಹಾಗೇ ಅಂದುಕೊಂಡು ತಲೆಯ ಕಡೆ ನೋಡಿದೆ. ಅಲ್ಲಿ ಮುಖವಾಡ ಇರಲಿಲ್ಲ. ಒಬ್ಬ ಹುಡುಗ ಇದ್ದ.

ಹಲಗೆಯ ಮೇಲೆ ಬರೆದ ಚಿತ್ರ, ಆದರೆ ನಿಜವಾಗಲೂ ಹುಡುಗನೇ. ದೊಡ್ಡ ಕಣ್ಣು, ಗಿಡ್ಡ ಕೂದಲು, ಬಿಳಿ ಬಟ್ಟೆ. ತಲೆಯ ಸುತ್ತ ಚಿನ್ನದ ಎಲೆಗಳ ಮಾಲೆ. ಹೆಸರು ಆರ್ಟೆಮಿಡೋರಸ್. ಕ್ರಿ.ಶ. 100ರಿಂದ 120ರ ಕಾಲದವನು. ಸತ್ತಾಗ ವಯಸ್ಸು 18ರಿಂದ 21ರ ಒಳಗೆ. ಈಜಿಪ್ಟಿನ ಹವಾರಾ ಎಂಬ ಊರಿನ ಹತ್ತಿರ ಸಿಕ್ಕಿದ್ದು.

ಮಿಕ್ಕ ಹೊತ್ತೆಲ್ಲ ನಾನು ಅಲ್ಲೇ ನಿಂತಿದ್ದೆ.

ನನ್ನ ತಮ್ಮ ಹೋದಾಗ ಅವನಿಗೆ 20. ಅವನದೊಂದು ಒಳ್ಳೆಯ ಫೋಟೋ ಇರಲಿಲ್ಲ. ಎಲ್ಲರೂ ಸೇರಿ ತೆಗೆಸಿಕೊಂಡ ಒಂದು ಫೋಟೋದಿಂದ ಅವನ ಮುಖ ಮಾತ್ರ ಕತ್ತರಿಸಿ ದೊಡ್ಡದು ಮಾಡಿಸಿದೆವು. ಅದರಲ್ಲಿ ಅವನು ಯಾವುದಕ್ಕೋ ನಗುತ್ತಿದ್ದಾನೆ. ಯಾವುದಕ್ಕೆ ಅಂತ ನಮಗ್ಯಾರಿಗೂ ನೆನಪಿಲ್ಲ. ಆ ಫೋಟೋ ಸಾವಿಗಾಗಿ ತೆಗೆದದ್ದಲ್ಲ, ಆದರೆ ಈಗ ಅದು ಸಾವಿನ ಫೋಟೋ ಆಗಿಹೋಗಿದೆ.

ಅದಕ್ಕೇ ಕೇಳುತ್ತಿದ್ದೇನೆ. ಆರ್ಟೆಮಿಡೋರಸ್ ಬದುಕಿದ್ದಾಗ ಕೂತು ಈ ಚಿತ್ರ ಬರೆಸಿಕೊಂಡನಾ? ಅಥವಾ ಅವನು ಹೋದ ಮೇಲೆ ಯಾರೋ ಹೆಣ ನೋಡಿ, ಇಲ್ಲವೇ ಮನೆಯವರು ಹೇಳಿದ್ದು ಕೇಳಿ ಬರೆದರಾ? ಅದು ನಿಜಕ್ಕೂ ಅವನ ಮುಖವಾ? ಇಂಟರ್ನೆಟ್ಟಿನಲ್ಲಿ ಓದಿದರೆ ಒಬ್ಬರು ಹೀಗೆ ಅಂತಾರೆ, ಇನ್ನೊಬ್ಬರು ಹಾಗೆ ಅಂತಾರೆ.

ಮೇಣದಕೈ ಬರೆದದ್ದು:

ಕಿಟಕಿಪಕ್ಕ ಅವರೇ, ನಿಮ್ಮ ತಮ್ಮನ ವಿಷಯ ಓದಿ ತುಂಬಾ ಹೊತ್ತು ಏನೂ ಬರೆಯಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಚಿತ್ರ ಬರೆಯುವವಳು. ಹದಿನಾಲ್ಕು ವರ್ಷದಿಂದ ಬಿಸಿ ಮೇಣದಲ್ಲೇ ಹೆಚ್ಚು ಕೆಲಸ. ಅದಕ್ಕೆ ಕಾರಣವೇ ಈ ಮುಖಗಳು. ಇವನ್ನು ಫಯೂಮ್ ಚಿತ್ರಗಳು ಅನ್ನುತ್ತಾರೆ, ಯಾಕೆಂದರೆ ಹೆಚ್ಚಿನವು ಕೈರೋದ ನೈಋತ್ಯಕ್ಕಿರುವ ಫಯೂಮ್ ಎಂಬ ತಗ್ಗು ಪ್ರದೇಶದಲ್ಲಿ ಸಿಕ್ಕಿವೆ. ಸುಮಾರು ಸಾವಿರ ಚಿತ್ರಗಳು ಲೋಕದ ಬೇರೆ ಬೇರೆ ಮ್ಯೂಸಿಯಂಗಳಲ್ಲಿವೆ. ರೋಮನ್ನರು ಈಜಿಪ್ಟನ್ನು ಆಳುತ್ತಿದ್ದ ಕಾಲದವು, ಕ್ರಿ.ಶ. 1ನೇ ಶತಮಾನದಿಂದ ಶುರು.

ಮೊದಲು ಮೇಣದ ಮಾತು ಹೇಳಿಬಿಡುತ್ತೇನೆ. ನೀವು ನೋಡಿದ್ದು ಮೇಣದ ಚಿತ್ರ. ಜೇನುಮೇಣ 62ರಿಂದ 64 ಡಿಗ್ರಿ ಶಾಖಕ್ಕೆ ಕರಗುತ್ತದೆ. ಅದಕ್ಕೆ ಬಣ್ಣದ ಪುಡಿ ಬೆರೆಸುತ್ತೇವೆ. ಕುಂಚದಲ್ಲಿ ಎತ್ತಿ ಹಲಗೆಗೆ ಮುಟ್ಟಿಸುವಷ್ಟರಲ್ಲಿ ಅದು ಗಟ್ಟಿಯಾಗಲು ಶುರು ಮಾಡಿರುತ್ತದೆ. ಉದ್ದಕ್ಕೆ ಒಂದು ಗೆರೆ ಎಳೆಯುವ ಹಾಗಿಲ್ಲ. ಚಿಕ್ಕ ಚಿಕ್ಕ ಏಟು, ಒಂದರ ಪಕ್ಕ ಒಂದು. ಆಮೇಲೆ ಬಿಸಿ ಮಾಡಿದ ಲೋಹದ ಕಡ್ಡಿಯಿಂದ ಆ ಏಟುಗಳನ್ನು ಒಂದಕ್ಕೊಂದು ಬೆಸೆಯಬೇಕು. ಹತ್ತಿರದಿಂದ ನೋಡಿದರೆ ಹಿನ್ನೆಲೆ ಮತ್ತು ಬಟ್ಟೆ ತೆಳ್ಳಗೆ ಕುಂಚದಲ್ಲಿ ಬರೆದಿರುತ್ತಾರೆ. ಮುಖ ಮಾತ್ರ ದಪ್ಪಗೆ. ಕೆನ್ನೆಯ ಮೇಲೆ ಮೇಣದ ಸಣ್ಣ ಉಬ್ಬು ಕಾಣುತ್ತದೆ. ಅದೇ ಚರ್ಮ ಅನ್ನಿಸುತ್ತದೆ. ಎಲ್ಲ ಫಯೂಮ್ ಚಿತ್ರಗಳೂ ಹೀಗಿಲ್ಲ. ಎಷ್ಟೋ ಕೆಲಸ ಪ್ರಾಣಿಯ ಅಂಟಿನಲ್ಲಿ ಬಣ್ಣ ಕಲಸಿ ಮಾಡಿದ್ದು, ಟೆಂಪೆರಾ ಅನ್ನುತ್ತಾರಲ್ಲ, ಅದು. ಅವು ಸಪಾಟಾಗಿ, ಸಣ್ಣ ಗೆರೆಗಳಲ್ಲಿ ಇರುತ್ತವೆ. ನನಗೆ ಮೇಣದವೇ ಪ್ರಾಣ.

ಈಗ ನಿಮ್ಮ ಪ್ರಶ್ನೆ. ಎಲ್ಲರೂ ಕಣ್ಣು ನೋಡಿ ಉತ್ತರ ಹೇಳುತ್ತಾರೆ. ಕಣ್ಣಲ್ಲಿ ಹೊಳಪಿನ ಬಿಳಿ ಚುಕ್ಕೆ ಇದೆ, ಹೆಣದ ಕಣ್ಣಲ್ಲಿ ಅದು ಇರುವುದಿಲ್ಲ, ಹಾಗಾಗಿ ಬದುಕಿದ್ದಾಗ ಬರೆದದ್ದು ಅನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಆ ಚುಕ್ಕೆ ಇಡಲು ಕೈ ಪಳಗಿದ ಯಾರಿಗೂ ಎದುರಿಗೆ ಮನುಷ್ಯ ಬೇಕಿಲ್ಲ. ನಾನೇ ಎಷ್ಟೋ ಸಲ ಇಟ್ಟಿದ್ದೇನೆ.

ಮುಖ ಬಿಡಿ. ಅಂಚು ನೋಡಿ.

ಈ ಚಿತ್ರಗಳು ಮರದ ತೆಳು ಹಲಗೆಯ ಮೇಲಿವೆ. ಒಂದೆರಡು ಮಿಲಿಮೀಟರ್ ದಪ್ಪ ಇರುವ ಹಲಗೆಗಳೂ ಇವೆ, ಸುತ್ತಿದ ಬಟ್ಟೆಯ ಮೇಲೆ ಬಾಗಿ ಕೂರಲಿ ಅಂತ. ಮಮ್ಮಿಗೆ ಕೂರಿಸುವಾಗ ಹಲಗೆಯ ಮೇಲಿನ ಮೂಲೆಗಳನ್ನು ಕತ್ತರಿಸುತ್ತಿದ್ದರು. ಒಂದೊಂದು ಕಡೆ ಒಂದೊಂದು ರೀತಿ. ಹವಾರಾದಲ್ಲಿ ಮೇಲ್ಭಾಗ ಗುಂಡಗೆ. ಎರ್‌ ರುಬಾಯತ್‌ನಲ್ಲಿ ಮೂಲೆಗಳನ್ನು ಓರೆಯಾಗಿ ಕೊಯ್ದಿದ್ದಾರೆ. ಆಂಟಿನೊಪೊಲಿಸ್‌ನಲ್ಲಿ ಹೆಗಲಿನ ಹತ್ತಿರ ಮೆಟ್ಟಿಲಿನ ಹಾಗೆ. ಊರು ಬರೆದಿರದ ಹಲಗೆಯನ್ನೂ ಮೂಲೆ ನೋಡಿ ಎಲ್ಲಿಯದಿರಬಹುದು ಅಂತ ಹೇಳಲು ಇದು ಸಹಾಯ ಮಾಡುತ್ತದೆ.

ಈ ಕೊಯ್ತದಲ್ಲಿ ಎರಡು ಜಾತಿ ಕಾಣುತ್ತದೆ. ಕೆಲವು ಹಲಗೆಗಳಲ್ಲಿ ಗರಗಸ ಬಣ್ಣದ ಮೇಲೇ ಹೋಗಿದೆ. ಅಂದರೆ ಚೌಕಾಕಾರದ ಪೂರ್ತಿ ಚಿತ್ರ ಮೊದಲೇ ಇತ್ತು. ಆಮೇಲೆ ಅದನ್ನು ಕತ್ತರಿಸಿ ಮಮ್ಮಿಗೆ ಹೊಂದಿಸಿದರು. ಇನ್ನು ಕೆಲವದರಲ್ಲಿ ಅಂಚಿನ ಪಟ್ಟಿಗೆ ಬಣ್ಣವೇ ಹಚ್ಚಿಲ್ಲ. ಅಲ್ಲಿ ಬಟ್ಟೆ ಮುಚ್ಚುತ್ತದೆ ಅಂತ ಬರೆಯುವವನಿಗೆ ಗೊತ್ತಿತ್ತು. ಅದು ಮಮ್ಮಿಗಾಗಿಯೇ ಬರೆದದ್ದು.

ಮೊದಲ ಜಾತಿಗೆ ಇನ್ನೊಂದು ಸಾಕ್ಷಿ ಇದೆ. ಇಂಗ್ಲೆಂಡಿನ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಹವಾರಾದಲ್ಲಿ ಅಗೆಯುವಾಗ ಒಂದು ಗೋರಿಯಲ್ಲಿ ಮಮ್ಮಿಯ ಪಕ್ಕದಲ್ಲಿ ಕಟ್ಟು ಹಾಕಿದ ಚಿತ್ರ ಸಿಕ್ಕಿತು. ಮರದ ಕಟ್ಟು, ಗೋಡೆಗೆ ತೂಗುಹಾಕುವಂಥದ್ದು. ಅದೂ ಬ್ರಿಟಿಷ್ ಮ್ಯೂಸಿಯಂನಲ್ಲೇ ಇದೆ. ಅಂದರೆ ಮನೆಯಲ್ಲಿ ಇಂಥ ಚಿತ್ರ ತೂಗುಹಾಕುವ ರೂಢಿ ಇತ್ತು ಅಂತ ಆಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಅಮೆರಿಕದ ಬರ್ಕ್ಲಿಯಲ್ಲಿದೆ. ಫಯೂಮಿನ ಟೆಬ್ಟುನಿಸ್‌ನಲ್ಲಿ 1899–1900ರಲ್ಲಿ ಅಗೆದಾಗ ಸಿಕ್ಕ ಒಂದು ಹಲಗೆ. ಅದರ ಮೇಲೆ ಒಬ್ಬ ಹೆಂಗಸಿನ ಮುಖ, ಬರೀ ಗೆರೆಯಲ್ಲಿ. ಪಕ್ಕದಲ್ಲಿ ಗ್ರೀಕ್‌ನಲ್ಲಿ ಟಿಪ್ಪಣಿ. ಯಾವುದಕ್ಕೆ ಯಾವ ಬಣ್ಣ ಅಂತ. ಮತ್ತೆ ಒಂದು ಕಡೆ, ಕಣ್ಣು ಇನ್ನೂ ಮೃದುವಾಗಿರಲಿ ಅಂತ. ಚಿತ್ರಗಾರ ತನಗೇ ಬರೆದುಕೊಂಡದ್ದೋ, ಕೆಲಸಕ್ಕೆ ಕೂತ ಇನ್ನೊಬ್ಬನಿಗೆ ಬರೆದದ್ದೋ, ಏನೇ ಆಗಲಿ. ಯಾರೋ ಒಬ್ಬರು ಆ ಹೆಂಗಸಿನ ಕಣ್ಣು ನೋಡಿ, ಗೆರೆಯಲ್ಲಿ ಸರಿಯಾಗಿ ಬಂದಿಲ್ಲ, ಅವಳ ಕಣ್ಣು ಇದಕ್ಕಿಂತ ಮೃದು ಅಂದುಕೊಂಡಿದ್ದಾರೆ. ಈ ಮಾತು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನು ಚಿನ್ನ. ಕೆಲವು ಚಿತ್ರಗಳಲ್ಲಿ ತುಟಿಗೆ ಚಿನ್ನದ ರೇಕು ಅಂಟಿಸಿದ್ದಾರೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಆಂಟಿನೊಪೊಲಿಸ್‌ನ ಒಬ್ಬ ಹೆಂಗಸಿನ ಚಿತ್ರ ಇದೆ. ಅವಳ ಕುತ್ತಿಗೆಯನ್ನು ಚಿನ್ನದ ರೇಕು ಮುಚ್ಚಿಬಿಟ್ಟಿದೆ. ಕುತ್ತಿಗೆ ಮುಚ್ಚುವುದೇ ಆಗಿದ್ದರೆ ಅಷ್ಟು ಚೆನ್ನಾಗಿ ಬರೆಯುವ ಚಿತ್ರಗಾರನಿಗೆ ಅದು ಮೊದಲೇ ಹೇಳಿರುತ್ತಿದ್ದರು ಅಲ್ವಾ? ನನ್ನ ಕೈಯ ಅನುಭವದ ಮೇಲೆ ಹೇಳುವುದಾದರೆ, ಚಿತ್ರ ಮುಗಿಸಿದವರು ಒಬ್ಬರು, ಚಿನ್ನ ಹಚ್ಚಿದವರು ಇನ್ನೊಬ್ಬರು. ಮೊದಲನೆಯದು ಮನುಷ್ಯನಿಗೆ. ಎರಡನೆಯದು ಸತ್ತವನಿಗೆ. ಈಜಿಪ್ಟಿನವರಿಗೆ ಚಿನ್ನ ದೇವರ ಮಾಂಸ.

ಹಾಗಾಗಿ ಒಂದೇ ಉತ್ತರ ಎಲ್ಲ ಚಿತ್ರಕ್ಕೂ ಹೊಂದುವುದಿಲ್ಲ. ಕೆಲವನ್ನು ಬದುಕಿದ್ದಾಗ ಬರೆಸಿದ್ದಾರೆ, ಕೆಲವನ್ನು ಸಾವಿನ ಬಾಗಿಲಲ್ಲಿ ಅವಸರವಾಗಿ. ಅಂಚು ನೋಡದೆ ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಂಬಬೇಡಿ.

ಮರಳುದಿಬ್ಬ ಬರೆದದ್ದು:

ಮೇಣದಕೈ ಮೇಡಂ ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಮನೆಯ ಗೋಡೆಯ ಚಿತ್ರದ ಕಥೆ ಚೆನ್ನಾಗಿದೆ, ಆದರೆ ಅದನ್ನೇ ಜಾಸ್ತಿ ಎಳೆಯಬಾರದು.

ನಾನು ಕೈರೋದಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಹವಾರಾಕ್ಕೆ ಎರಡು ಸಲ ಹೋಗಿದ್ದೆ. ಅಲ್ಲಿ ಹಳೆಯ ಈಜಿಪ್ಟಿನ ರಾಜ 3ನೇ ಅಮೆನೆಮ್ಹಾತ್‌ನ ಪಿರಮಿಡ್ ಇದೆ. ಮೇಲಿನ ಕಲ್ಲು ಎಲ್ಲ ಹೋಗಿ ಈಗ ಮಣ್ಣಿನ ಇಟ್ಟಿಗೆಯ ಗುಡ್ಡ. ಒಳಗೆ ನೀರು ನಿಂತಿದೆ. ಉತ್ತರಕ್ಕೆ ಸ್ಮಶಾನ. ಮರಳಲ್ಲಿ ಮಡಕೆಯ ಚೂರು, ಬಟ್ಟೆಯ ಚಿಂದಿ. ಮಾರ್ಗದರ್ಶಿ ಇಲ್ಲದೆ ಹೋದರೆ ಇಲ್ಲಿ ಏನಿತ್ತು ಅಂತ ಗೊತ್ತೇ ಆಗುವುದಿಲ್ಲ.

ಪೆಟ್ರಿ 1888ರಲ್ಲಿ ಬಂದದ್ದು ಆ ಪಿರಮಿಡ್ಡಿಗಾಗಿ. ರೋಮನ್ ಕಾಲದ ಸ್ಮಶಾನ ಅವನಿಗೆ ಬೇಡವಾಗಿತ್ತು, ಬಿಟ್ಟುಬಿಡುವುದರಲ್ಲಿದ್ದ. ಅಷ್ಟರಲ್ಲಿ ಒಂದು ಮುಖ ಬಂತು. ಆ ಒಂದೇ ಸಲದ ಅಗೆತದಲ್ಲಿ 81 ಚಿತ್ರ ಸಿಕ್ಕವು. ಬಣ್ಣ ಉದುರುತ್ತಿದ್ದವಕ್ಕೆ ಕರಗಿಸಿದ ಮೇಣ ಸುರಿದು ಉಳಿಸಿದ. ಅದೇ ವರ್ಷ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನ ಮಾಡಿದ. 1910–11ರಲ್ಲಿ ಮತ್ತೆ ಬಂದು ಇನ್ನಷ್ಟು ತೆಗೆದ.

ಅವನು ಎಲ್ಲ ಬರೆದಿಟ್ಟವನು, ಅದು ದೊಡ್ಡದು. ಮಮ್ಮಿಗಳ ಕಾಲಿನ ಕಡೆ ಪೆಟ್ಟು ಬಿದ್ದಿದೆ, ಮಳೆಗಾಳಿಗೆ ಸಿಕ್ಕ ಗುರುತಿದೆ ಅಂತ ಗಮನಿಸಿದ. ಎಷ್ಟೋ ಮಮ್ಮಿಗಳನ್ನು ಒಂದು ಗುಂಡಿಯಲ್ಲಿ ಒಟ್ಟಿಗೆ, ಏನೂ ವಸ್ತು ಇಡದೆ ಹೂತಿದ್ದರು. ಅದರಿಂದ ಅವನು ಹೇಳಿದ್ದು ಇಷ್ಟು: ಮಮ್ಮಿ ಮಾಡಿದ ಮೇಲೆ ತಕ್ಷಣ ಹೂಳುತ್ತಿರಲಿಲ್ಲ. ವರ್ಷಗಟ್ಟಲೆ ಮನೆಯಲ್ಲಿ ನಿಲ್ಲಿಸಿಕೊಂಡಿದ್ದರು. ಆಮೇಲಿನ ಪೀಳಿಗೆಗೆ ಆ ಮುಖ ಯಾರದು ಅಂತ ತಿಳಿಯದೆ ಹೋದಾಗ ಒಟ್ಟಿಗೆ ಹೂತರು. ಮನೆಯಲ್ಲಿ ಅಲ್ಲ, ಸ್ಮಶಾನದ ಯಾವುದೋ ಕಟ್ಟಡದಲ್ಲಿ ಇಟ್ಟಿರಬಹುದು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಏನೇ ಆದರೂ ಆ ಮುಖವನ್ನು ಜನ ಸ್ವಲ್ಪ ಕಾಲ ನೋಡುತ್ತಿದ್ದರು.

ಬೇಸರದ ವಿಷಯ ಒಂದಿದೆ. ಸಾವಿರದಲ್ಲಿ ಸುಮಾರು ನೂರು ಚಿತ್ರ ಮಾತ್ರ ಇನ್ನೂ ಮಮ್ಮಿಯ ಮೇಲಿವೆ. ಉಳಿದವನ್ನು ಕಿತ್ತು ಮಾರಿದರು. ವಿಯೆನ್ನಾದ ವ್ಯಾಪಾರಿ ಥಿಯೊಡರ್ ಗ್ರಾಫ್ 1887ರ ಹೊತ್ತಿಗೆ ಎರ್‌ ರುಬಾಯತ್‌ನ ಚಿತ್ರಗಳನ್ನು ಕೊಂಡು ಊರೂರು ತೋರಿಸಿ ಮಾರಿದ. ರೋಮನ್ನರಿಗಿಂತ ಮೊದಲು ಈಜಿಪ್ಟನ್ನು ಆಳಿದ ಟಾಲೆಮಿ ಎಂಬ ಗ್ರೀಕ್ ವಂಶದ ರಾಜರ ಮುಖಗಳು ಅಂತ ಹೇಳಿ ಬೆಲೆ ಏರಿಸಿದ. ಮೈ ಎಲ್ಲಿ ಹೋಯಿತು ಅಂತ ಯಾರೂ ಬರೆಯಲಿಲ್ಲ. ಹಾಗಾಗಿ ಕಿಟಕಿಪಕ್ಕ ಅವರು ಕೇಳಿದ "ನಿಜಕ್ಕೂ ಅವನ ಮುಖವಾ" ಎಂಬ ಪ್ರಶ್ನೆಯನ್ನು ಹೆಚ್ಚಿನ ಚಿತ್ರಗಳ ಬಗ್ಗೆ ಕೇಳಲೂ ಆಗುವುದಿಲ್ಲ. ಹೋಲಿಸಲು ಮೈ ಇಲ್ಲ. ಆರ್ಟೆಮಿಡೋರಸ್ ವಿಷಯದಲ್ಲಿ ಕೇಳಬಹುದು. ಅವನು ಪೂರ್ತಿ ಇದ್ದಾನೆ. ಸಿಟಿ ಸ್ಕ್ಯಾನ್ ಮಾಡಿದ್ದಾರೆ, ವಯಸ್ಸು ಚಿತ್ರಕ್ಕೆ ಹೊಂದುತ್ತದೆ. ಮೂಗಿನ ಹತ್ತಿರ ಮೂಳೆಗೆ ಪೆಟ್ಟಾಗಿದೆ, ತಲೆಯ ಹಿಂದೆ ಬಿರುಕಿದೆ, ವಾಸಿಯಾದ ಗುರುತಿಲ್ಲ. ಹೊಡೆತಕ್ಕೆ ಸತ್ತನೋ, ಮಮ್ಮಿ ಮಾಡುವವರ ಒರಟು ಕೈಗೆ ಆಯಿತೋ ಅನ್ನುವುದು ಮೂಳೆಯಿಂದ ತಿಳಿಯುವುದಿಲ್ಲ.

ಒಂದು ಸಂತೋಷದ ಸುದ್ದಿ. 2022ರ ಡಿಸೆಂಬರಿನಲ್ಲಿ ಈಜಿಪ್ಟಿನ ಪುರಾತತ್ವದವರೇ ಫಯೂಮಿನ ಗೆರ್ಜಾದಲ್ಲಿ ಅಗೆದು ಹೊಸ ಚಿತ್ರಗಳು ಸಿಕ್ಕವು ಅಂತ ಪ್ರಕಟಿಸಿದರು. ನೂರು ವರ್ಷದ ಮೇಲೆ ಮೊದಲ ಸಲ. ಈ ಸಲ ಯಾವ ಮುಖ ಎಲ್ಲಿ, ಯಾವುದರ ಪಕ್ಕ ಇತ್ತು ಅನ್ನುವುದು ಲೆಕ್ಕದಲ್ಲಿರುತ್ತದೆ.

ಹಳೇಲಿಪಿ ಬರೆದದ್ದು:

ಚಿತ್ರದ ಮಾತು ಇಬ್ಬರೂ ಹೇಳಿದ್ದಾರೆ. ನಾನು ಅಕ್ಷರದವನು. ಗ್ರೀಕ್ ಓದಲು ಕಲಿತದ್ದೇ ಇಂಥ ಸಣ್ಣ ಬರಹಗಳಿಗಾಗಿ.

ಕಿಟಕಿಪಕ್ಕ ಅವರೇ, ಆರ್ಟೆಮಿಡೋರಸ್‌ನ ಎದೆಯ ಮೇಲೆ ಚಿನ್ನದ ಅಕ್ಷರದಲ್ಲಿ ಒಂದು ಸಾಲು ಇತ್ತು, ನೋಡಿದಿರಾ? "ಆರ್ಟೆಮಿಡೋರೆ ಯೂಪ್ಸೂಖಿ" ಅಂತ. ಸಾಮಾನ್ಯವಾಗಿ "ಹೋಗಿ ಬಾ, ಆರ್ಟೆಮಿಡೋರಸ್" ಅಂತ ಅರ್ಥ ಹೇಳುತ್ತಾರೆ. ಪದ ಬಿಡಿಸಿದರೆ "ಎದೆಗುಂದಬೇಡ" ಅಂತ ಬರುತ್ತದೆ. ಸತ್ತವರಿಗೆ ಹೇಳುವ ಮಾತು ಅದು.

ಅದರಲ್ಲಿ ಒಂದು ತಪ್ಪಿದೆ. ಕೊನೆಯಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. "ಯೂಪ್ಸೂಖೆಯ್" ಅಂತ ಬರೆಯಬೇಕಿತ್ತು. ಆ ಕಾಲಕ್ಕೆ ಗ್ರೀಕ್ ಬಾಯಿಮಾತಿನಲ್ಲಿ ಎರಡೂ "ಇ" ಅಂತಲೇ ಕೇಳುತ್ತಿದ್ದವು. ಬರೆದವನು ಕಿವಿಗೆ ಬಿದ್ದ ಹಾಗೆ ಬರೆದ. ಎಷ್ಟು ಖರ್ಚು ಮಾಡಿ, ಚಿನ್ನ ಹಚ್ಚಿಸಿ, ಕಡೆಗೆ ಕಾಗುಣಿತ ತಪ್ಪಾಯಿತಲ್ಲ ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೆ ಆ ತಪ್ಪೇ ಬೆಲೆಬಾಳುವುದು. ಸರಿಯಾಗಿ ಬರೆದಿದ್ದರೆ ಅದು ಸುಮ್ನೆ ಒಂದು ಪದ. ತಪ್ಪಾಗಿ ಬರೆದದ್ದರಿಂದ ಆ ಜನ ಅದನ್ನು ಹೇಗೆ ಉಚ್ಚರಿಸುತ್ತಿದ್ದರು ಅಂತ ನಮಗೆ ಗೊತ್ತಾಯಿತು. ಅವನ ತಲೆಯ ಹತ್ತಿರ ನಿಂತು ಯಾರೋ ಹೇಳಿದ ಮಾತಿನ ದನಿ ಅದು.

ಇಲ್ಲಿ ಒಂದು ವಿಷಯ ಗಮನಿಸಿ. ಹೆಸರು ಗ್ರೀಕ್, ಕೂದಲು ಬಟ್ಟೆ ರೋಮಿನ ಮಾದರಿ, ದೇವರು ಈಜಿಪ್ಟಿನವರು. ಇವರು ಗ್ರೀಕರಾ, ಈಜಿಪ್ಟಿನವರಾ ಅಂತ ಜನ ಜಗಳವಾಡುತ್ತಾರೆ. ಆ ಜಗಳ ನನಗೆ ಹಿಡಿಸುವುದಿಲ್ಲ. ಟಾಲೆಮಿಗಳ ಕಾಲದಲ್ಲಿ ಫಯೂಮಿಗೆ ಗ್ರೀಕ್ ಸೈನಿಕರಿಗೆ ಜಮೀನು ಕೊಟ್ಟು ನೆಲೆಗೊಳಿಸಿದರು. ಅವರು ಅಲ್ಲಿಯವರನ್ನೇ ಮದುವೆಯಾದರು. ಮುನ್ನೂರು ವರ್ಷದ ಮೇಲೆ ಹುಟ್ಟಿದ ಹುಡುಗನನ್ನು ಅರ್ಧ ಕೊಯ್ದು ಯಾರಿಗೆ ಕೊಡುತ್ತೀರಿ?

ಬರ್ಲಿನ್‌ನಲ್ಲಿ ಅಲೀನೆ ಎಂಬ ಹೆಂಗಸಿನ ಚಿತ್ರ ಇದೆ. ಮರದ ಮೇಲಲ್ಲ, ಬಟ್ಟೆಯ ಮೇಲೆ ಬರೆದದ್ದು. 1892ರಲ್ಲಿ ಹವಾರಾದಲ್ಲಿ ಸಿಕ್ಕಿತು. ಜೊತೆಗೆ ಸಿಕ್ಕ ಕಲ್ಲಿನಲ್ಲಿ ಅವಳ ಹೆಸರು ಅಲೀನೆ, ಇನ್ನೊಂದು ಹೆಸರು ಟೆನೋಸ್, ಹೆರೋಡೆಸ್‌ನ ಮಗಳು, ವಯಸ್ಸು 35 ಅಂತ ಇದೆ. ಎರಡು ಹೆಸರು ಇಟ್ಟುಕೊಳ್ಳುವುದು ಅಲ್ಲಿ ಮಾಮೂಲಿ. ಅವಳ ಗುಂಡಿಯಲ್ಲೇ ಇಬ್ಬರು ಮಕ್ಕಳ ಮಮ್ಮಿಗಳು, ಅವಕ್ಕೂ ಚಿತ್ರ. ಅದೇ ಗುಂಡಿಯಲ್ಲಿ ಹಳೆಯ ರೀತಿಯ ಚಿನ್ನ ಬಳಿದ ಮುಖವಾಡದ ಮಮ್ಮಿಗಳೂ ಇದ್ದವು. ಒಂದೇ ಮನೆಯವರು, ಕೆಲವರಿಗೆ ಮುಖವಾಡ, ಕೆಲವರಿಗೆ ಮುಖ. ಯಾರು ನಿರ್ಧಾರ ಮಾಡಿದರೋ.

ಕೈರೋದ ಮ್ಯೂಸಿಯಂನಲ್ಲಿ ದೇಮೋಸ್ ಎಂಬ ಯುವತಿ ಇದ್ದಾಳೆ. ಬರೆದಿರುವುದು ಮೂರೇ ವಿಷಯ: ಹೆಸರು ದೇಮೋಸ್, ವಯಸ್ಸು 24, ಎಂದೂ ನೆನಪಿನಲ್ಲಿ ಇರುವವಳು. ನ್ಯೂಯಾರ್ಕಿನ ಮೆಟ್ರೊಪೊಲಿಟನ್ ಮ್ಯೂಸಿಯಂನಲ್ಲಿ ಯೂಟಿಖೆಸ್ ಎಂಬ ಹುಡುಗ. ಅವನ ಬಟ್ಟೆಯ ಕೊರಳಂಚಿನ ಕೆಳಗೆ ಹೆಸರಿದೆ, ಕಸಾನಿಯೊಸ್ ಎಂಬವನು ಗುಲಾಮಗಿರಿಯಿಂದ ಬಿಡುಗಡೆ ಮಾಡಿದ ಹುಡುಗ ಅಂತ ಇದೆ. ಅಷ್ಟು ಚಿಕ್ಕವನಿಗೆ ಸ್ವಾತಂತ್ರ್ಯ ಸಿಕ್ಕಿತ್ತು ಅನ್ನುವುದನ್ನು ಅವನ ಮುಖದ ಕೆಳಗೆ ಬರೆಸಬೇಕು ಅಂತ ಯಾರಿಗೋ ಅನ್ನಿಸಿದೆ. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಹರ್ಮಿಯೋನೆ ಇದ್ದಾಳೆ. ಅವಳ ಹೆಸರಿನ ಪಕ್ಕ "ಗ್ರಮ್ಮಾಟಿಕೆ" ಎಂಬ ಪದ. ಪಾಠ ಹೇಳುವವಳು ಅಂತಲೂ ಆಗುತ್ತದೆ, ಓದುಬರಹ ಬಲ್ಲವಳು ಅಂತಲೂ ಆಗುತ್ತದೆ. ಪೆಟ್ರಿಗೆ ಆಗ ಹುಡುಗಿಯರದೇ ಆಗಿದ್ದ ಆ ಕಾಲೇಜೇ ಅವಳಿಗೆ ತಕ್ಕ ಜಾಗ ಅನ್ನಿಸಿತು. ಅವನ ಆ ತೀರ್ಮಾನ ನನಗೆ ತುಂಬಾ ಇಷ್ಟ.

ಕಿಟಕಿಪಕ್ಕ ಬರೆದದ್ದು:

ಮೂವರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ. ಎದೆಯ ಮೇಲಿನ ಸಾಲನ್ನು ನೋಡಿದ್ದೆ, ಅಲಂಕಾರ ಅಂದುಕೊಂಡಿದ್ದೆ. "ಎದೆಗುಂದಬೇಡ" ಅಂತ ಅಂತೆ. ನಾವು ಉಳಿದವರು ನಮಗೇ ಹೇಳಿಕೊಳ್ಳುವ ಮಾತು ಅದು. ಹೋದವನಿಗೆ ಹೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಮೇಣದಕೈ ಅವರೇ, ಇನ್ನೊಂದು ಕೇಳಲಾ? ದೊಡ್ಡವರ ವಿಷಯ ಸರಿ. ಮಕ್ಕಳ ಚಿತ್ರ ಹೇಗೆ? ಅಲೀನೆಯ ಮಕ್ಕಳಿಗೆ ಮೊದಲೇ ಯಾರು ಚಿತ್ರ ಬರೆಸಿಟ್ಟಿರುತ್ತಾರೆ?

ಮೇಣದಕೈ ಬರೆದದ್ದು:

ಈ ಪ್ರಶ್ನೆಗೆ ನಾನೂ ಕಾಯುತ್ತಿದ್ದೆ. ಮಕ್ಕಳ ಚಿತ್ರಗಳೇ "ಬದುಕಿದ್ದಾಗ ಬರೆದದ್ದು" ಅನ್ನುವ ವಾದವನ್ನು ಬಗ್ಗಿಸುವುದು. ಮೂರು ವರ್ಷದ ಮಗುವಿನ ಚಿತ್ರವನ್ನು ಮನೆಯ ಗೋಡೆಗೆ ಬರೆಸಿ, ಅದನ್ನೇ ಮಮ್ಮಿಗೆ ಹಾಕಿದರು ಅಂದರೆ ಆಗಬಹುದು, ಆದರೆ ಎಷ್ಟು ಮನೆಯಲ್ಲಿ ಹಾಗಾದೀತು?

ಮ್ಯೂನಿಕ್‌ನಲ್ಲಿ ಇಂಥ ಒಬ್ಬ ಹುಡುಗ ಇದ್ದಾನೆ. ಹವಾರಾದವನೇ. ವಯಸ್ಸು ಮೂರು, ನಾಲ್ಕು. 2020ರಲ್ಲಿ ಅವನ ಸ್ಕ್ಯಾನ್ ವಿವರ ಬಂತು. ತಲೆಬುರುಡೆಯ ಅಳತೆಯಿಂದ ಮುಖವನ್ನು ಮತ್ತೆ ಕಟ್ಟಿದರು. ಕಟ್ಟುವವರು ಚಿತ್ರದ ಮುಖದ ಜೊತೆ ಹೋಲಿಸಿದಾಗ ಹಣೆಯಿಂದ ಕಣ್ಣಿಗೆ, ಮೂಗಿನಿಂದ ಬಾಯಿಗೆ ಇರುವ ದೂರ ಚೆನ್ನಾಗಿ ಹೊಂದಿತು, ಮೂಗು ಬಾಯಿ ಮಾತ್ರ ಚಿತ್ರದಲ್ಲಿ ಸ್ವಲ್ಪ ಕಿರಿದಾಗಿವೆ. ಅದು ಅವನ ಮುಖವೇ ಇರಬೇಕು. ಆದರೆ ಚಿತ್ರದ ಹುಡುಗ ಸ್ವಲ್ಪ ದೊಡ್ಡವನ ಹಾಗೆ ಕಾಣುತ್ತಾನೆ. ಶ್ವಾಸಕೋಶದ ಸೋಂಕಿನಿಂದ ಹೋಗಿರಬೇಕು ಅಂತ ಸ್ಕ್ಯಾನ್‌ನಲ್ಲಿ ಗುರುತು ಇತ್ತು.

ನಾನು ಇದನ್ನು ಚಿತ್ರ ಬರೆಯುವವಳಾಗಿ ಓದುತ್ತೇನೆ. ಸತ್ತ ಮಗುವಿನ ಮುಂದೆ ಕೂತಿದ್ದಾನೆ ಒಬ್ಬ. ಮಮ್ಮಿ ಮಾಡಲು 70 ದಿನ ಅನ್ನುವುದು ಹಳೆಯ ಲೆಕ್ಕ. ಅಷ್ಟರೊಳಗೆ ಹಲಗೆ ತಯಾರಾಗಬೇಕು. ಮಗು ಹೇಗಿತ್ತು ಅಂತ ತಾಯಿ ಹೇಳುತ್ತಾಳೆ. ಸ್ವಲ್ಪ ದೊಡ್ಡವನ ಹಾಗೆ ಕಂಡದ್ದು ಕೈತಪ್ಪಾ, ಅಲ್ಲಿನ ರೂಢಿಯಾ, ಅಥವಾ ಸ್ವಲ್ಪ ಬೆಳೆದವನ ಹಾಗೆ ಬರೆಯಿರಿ ಅಂತ ಯಾರಾದರೂ ಕೇಳಿಕೊಂಡರಾ? ನನಗೆ ಕೊನೆಯದೇ ಸರಿ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ, ಸಾಕ್ಷಿ ಅಲ್ಲ.

ಹಲಗೆಯ ಬಗ್ಗೆ ಒಂದು ಹೇಳಲು ಮರೆತಿದ್ದೆ. ಪರೀಕ್ಷೆ ಮಾಡಿದ ಹಲಗೆಗಳಲ್ಲಿ ಹೆಚ್ಚಿನವು ಲಿಂಡೆನ್ ಮರದವು. ಇಂಗ್ಲಿಷಿನಲ್ಲಿ ಲೈಮ್ ಅನ್ನುತ್ತಾರೆ, ಆದರೆ ನಿಂಬೆ ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಮರ ಈಜಿಪ್ಟಿನಲ್ಲಿ ಬೆಳೆಯುವುದಿಲ್ಲ, ಯುರೋಪಿನಿಂದ ಸಮುದ್ರ ದಾಟಿ ಬರಬೇಕು. ಅಲ್ಲೇ ಬೆಳೆಯುವ ಅತ್ತಿಯ ಜಾತಿಯ ಮರವನ್ನೂ ಕೆಲವರು ಬಳಸಿದ್ದಾರೆ, ಆದರೆ ಅದು ತೆಳ್ಳಗೆ ಸೀಳಲು ಬಾರದು, ಹಲಗೆ ದಪ್ಪ ಆಗುತ್ತದೆ. ಕೆಲವು ಚಿತ್ರಗಳ ಕೆಂಪು ಸೀಸದ ಬಣ್ಣವನ್ನು ಪರೀಕ್ಷಿಸಿದಾಗ ಅದು ಸ್ಪೇನಿನ ರಿಯೊ ಟಿಂಟೊ ಗಣಿಯದು ಅಂತ ಬಂತು. ಟೆಬ್ಟುನಿಸ್‌ನ ಚಿತ್ರಗಳಲ್ಲಿ ನೀಲಿ ಕಾಣದ ಕಡೆಯೂ, ಬೇರೆ ಬಣ್ಣದ ಕೆಳಗೆ, ಈಜಿಪ್ಟಿನ ನೀಲಿ ಎಂಬ ಬಣ್ಣದ ಪುಡಿ ಸಿಕ್ಕಿದೆ. ವಿಶೇಷ ಕ್ಯಾಮೆರಾದಲ್ಲಿ ಅದು ಬೆಳಗುತ್ತದೆ. ಚರ್ಮಕ್ಕೆ ತಂಪು ನೆರಳು ಬರಲಿ ಅಂತ ಹಾಗೆ ಮಾಡುತ್ತಾರೆ, ನಾನೂ ಮಾಡುತ್ತೇನೆ. ಒಂದು ಮುಖ ಮಾಡಲು ಎಲ್ಲೆಲ್ಲಿಂದ ಸಾಮಾನು ಬಂದಿದೆ ನೋಡಿ. 2013ರಿಂದ ಅಮೆರಿಕದ ಗೆಟ್ಟಿ ಮ್ಯೂಸಿಯಂನವರು ಇಂಥ ಪರೀಕ್ಷೆಗಳನ್ನೆಲ್ಲ ಒಂದು ಕಡೆ ಸೇರಿಸುತ್ತಿದ್ದಾರೆ, ಹತ್ತಾರು ಮ್ಯೂಸಿಯಂಗಳು ಜೊತೆಗಿವೆ.

ಕಿಟಕಿಪಕ್ಕ ಬರೆದದ್ದು:

ಅಂಚು ನೋಡಿ ಅಂದಿರಲ್ಲ. ನಿನ್ನೆ ರಾತ್ರಿ ತಮ್ಮನ ಫೋಟೋವನ್ನು ಗೋಡೆಯಿಂದ ಇಳಿಸಿ ಕಟ್ಟು ಬಿಚ್ಚಿದೆ. ಎಡಗಡೆ ಕಟ್ಟಿನ ಅಡಿಯಲ್ಲಿ ಅರ್ಧ ಬೆರಳಿನಷ್ಟು ಫೋಟೋ ಅಡಗಿತ್ತು. ಅವನ ಭುಜದ ಮೇಲೆ ಎರಡು ಬೆರಳು ಇವೆ. ಉಂಗುರದಿಂದ ಗುರುತು ಸಿಕ್ಕಿತು. ನನ್ನವೇ. ಹನ್ನೊಂದು ವರ್ಷದಿಂದ ಅಲ್ಲೇ ಇದ್ದವು.

ಹೊಸ ಕಟ್ಟು ಹಾಕಿಸುತ್ತೇನೆ, ಸ್ವಲ್ಪ ಅಗಲದ್ದು.

ಮಾರ್ಚಿನಲ್ಲಿ ಕೆಲಸದ ಮೇಲೆ ಮತ್ತೆ ಲಂಡನ್ನಿಗೆ ಹೋಗುವುದಿದೆ. ಈ ಸಲ ಆರ್ಟೆಮಿಡೋರಸ್‌ನಲ್ಲಿ ಏನು ನೋಡಲಿ?

ಮೇಣದಕೈ ಬರೆದದ್ದು:

ನೇರ ಎದುರಿಗೆ ನಿಲ್ಲಬೇಡಿ, ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ. ಪಕ್ಕಕ್ಕೆ ಬಂದು ಸ್ವಲ್ಪ ಬಗ್ಗಿ, ಬೆಳಕು ಹಲಗೆಯ ಮೇಲೆ ಓರೆಯಾಗಿ ಬೀಳುವ ಹಾಗೆ. ಕೆನ್ನೆಯ ಮೇಲೆ ಕುಂಚ ಎತ್ತಿದ ಕಡೆ ಮೇಣ ಚಿಕ್ಕ ಮುಳ್ಳಿನ ಹಾಗೆ ನಿಂತಿರುತ್ತದೆ. ಅದು ಯಾವ ದಿಕ್ಕಿಗೆ ಎತ್ತಿದ್ದಾರೆ ನೋಡಿ. ಆಮೇಲೆ ಹಲಗೆ ಮತ್ತು ಕೆಂಪು ಗಾರೆ ಸೇರುವ ಜಾಗ, ಕಿವಿಯ ಪಕ್ಕದಿಂದ ಕೆಳಗೆ. ಫೋಟೋ ತೆಗೆಯಲು ಬಿಟ್ಟರೆ ಆ ಜಾಗದ್ದು ಒಂದು ತೆಗೆದು ಇಲ್ಲಿ ಹಾಕಿ. ನಾನು ಎಂದೂ ಅದನ್ನು ಹತ್ತಿರದಿಂದ ನೋಡಿಲ್ಲ.